ಹರವಿ ಮನೆಯ ಮೊಳಕೆ

ಬೀಜ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಆ ಊರಿಗೆ ಹಾಕಿದಾಗ ನನ್ನ ಬಳಿ ಇದ್ದದ್ದು ಒಂದು ಮೊಳಕೆ ಪೆಟ್ಟಿಗೆ, ಎರಡು ಕಟ್ಟು ಪರೀಕ್ಷಾ ಕಾಗದ, ಚಿಮಟ, ಥರ್ಮಾಮೀಟರ್ ಮತ್ತು ಒಂದು ದಪ್ಪ ನೋಟ್‌ಬುಕ್. ಕಚೇರಿಯ ಗೋಡೆಯ ನಕ್ಷೆಯಲ್ಲಿ ಊರು ಸಿಗಲಿಲ್ಲ. ಬಸ್ಸಿನ ಕಂಡಕ್ಟರ್ ಮಾತ್ರ ನನ್ನ ಸಾಮಾನು ನೋಡಿದ್ದೇ ಟಿಕೆಟ್ ಹರಿದು, "ಏಣಿ ಮನಿ ಮುಂದ ಇಳಸ್ತೀನ್ರಿ. ಅಲ್ಲಿಂದ ಯಾರನ್ನ ಕೇಳಿದ್ರೂ ಸಲಾಮು ಮಾಡಿ ದಾರಿ ತೋರಸ್ತಾರ. ಸದ್ಯಕ್ಕ ಏಣಿ ಗಟ್ಟಿ ಐತಿ" ಎಂದ. ಏಣಿಗೂ ಸಲಾಮಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಹೊಸ ಊರಿನಲ್ಲಿ ಮೊದಲ ದಿನ ಕಡಿಮೆ ಕೇಳಬೇಕು, ಹೆಚ್ಚು ಬರೆದುಕೊಳ್ಳಬೇಕು ಎಂಬುದು ನನ್ನ ಪದ್ಧತಿ.

ಊರಿನ ಪ್ರತಿ ಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಮೂರು ಅರಬ್ಬಿ ಅಕ್ಷರಗಳಿದ್ದವು. ಅದನ್ನು ಅಲ್ಲಿಯವರು ಮನೆಯ ಬೇರು ಎನ್ನುತ್ತಿದ್ದರು. ಒಂದು ಬೇರಿನಿಂದ ಹುಟ್ಟಿದ ಮಾತುಗಳು ಯಾವ ಯಾವ ವಸ್ತುವಿಗೆ ಹೆಸರಾಗಿವೆಯೋ ಆ ವಸ್ತುಗಳೆಲ್ಲ ಆ ಊರಿನಲ್ಲಿ ಒಡಹುಟ್ಟಿದವು. ಒಂದಕ್ಕೆ ನೆಗಡಿಯಾದರೆ ಇನ್ನೊಂದು ಸೀನುತ್ತಿತ್ತು. ಏಣಿ ಮನೆಯ ಬೇರಿನಿಂದ ಸಲಾಮು ಹುಟ್ಟಿದೆ, ಏಣಿಯೂ ಹುಟ್ಟಿದೆ. ಹಾಗಾಗಿ ಆ ಮನೆಯ ಏಣಿಯ ಒಂದು ಮೆಟ್ಟಿಲು ಸಡಿಲಾದರೆ ಪೇಟೆಯಲ್ಲಿ ಜನ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಬಡಿಗ ಬಂದು ಎರಡು ಮೊಳೆ ಹೊಡೆದ ಮೇಲೆ ನಮಸ್ಕಾರ, ಸಲಾಮು, ಶರಣು ಎಲ್ಲ ಮತ್ತೆ ಶುರುವಾಗುತ್ತಿದ್ದವು. ಶಾಲೆಯ ಬೇರಿನಿಂದ ಬುದ್ಧಿಯೂ ಒಂಟೆಯ ಕಾಲಿಗೆ ಕಟ್ಟುವ ಹಗ್ಗವೂ ಹುಟ್ಟಿದ್ದವು. ಒಂಟೆ ಆ ಊರಿಗೆ ಎಂದೂ ಬಂದದ್ದಿಲ್ಲ. ಆದರೂ ಪರೀಕ್ಷೆಯ ಹಿಂದಿನ ದಿನ ಚನಮಲ್ಲಪ್ಪ ಮಾಸ್ತರರು ಶಾಲೆಯ ಕಂಬಕ್ಕೆ ಸುತ್ತಿದ ಹಗ್ಗಕ್ಕೆ ಎಣ್ಣೆ ಹಚ್ಚಿ ಗಂಟು ಬಿಗಿ ಮಾಡುತ್ತಿದ್ದರು. ಮಕ್ಕಳ ತಂದೆತಾಯಿ ಅದನ್ನು ಕಣ್ಣಾರೆ ನೋಡಿ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು.

ನನಗೆ ಸಿಕ್ಕಿದ್ದು ಹರವಿ ಮನೆಯ ಮಾಳಿಗೆ. ಬೀಜ ಇರುವುದು ಅಲ್ಲೇ ಆದ್ದರಿಂದ ಬೇರೆ ಕಡೆ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಇಡೀ ಊರಿನ ಬಿತ್ತನೆ ಜೋಳ ಆ ಮನೆಯ ಕಣಜದಲ್ಲಿ ಬೇವಿನ ಸೊಪ್ಪಿನ ನಡುವೆ ಇರುತ್ತಿತ್ತು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒಂದು ಆಳು ಕೂರಬಹುದಾದಷ್ಟು ದೊಡ್ಡ ಮಣ್ಣಿನ ಹರವಿ, ಬಾಯಿಗೆ ಮರದ ಮುಚ್ಚಳ, ಮೇಲೊಂದು ಹಿತ್ತಾಳೆ ಲೋಟ; ದಾರಿಯಲ್ಲಿ ಹೋಗುವವರೆಲ್ಲ ಅದರ ನೀರು ಕುಡಿಯುತ್ತಿದ್ದರು. ಆ ಮನೆಯ ಬೇರಿನ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ಮಸೀದಿಯ ಮೌಲ್ವಿ. ಹಬ್ಬಾ ಎಂದರೆ ಕಾಳು. ನಿಮ್ಮ ಯುಗಾದಿ ಹಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಎಚ್ಚರಿಸಿದರು. ಹುಬ್ಬ್ ಎಂದರೆ ಒಲವು. ದೊಡ್ಡ ನೀರಿನ ಹರವಿಗೂ ಅದೇ ಮಾತು. ಹಬಾಬ್ ಎಂದರೆ ನೀರಿನ ಮೇಲೆ ಏಳುವ ಗುಳ್ಳೆ. "ನಾಲ್ಕು ಮಕ್ಕಳು, ಒಂದ ತಾಯಿ" ಎಂದರು. "ಯಾಕ ಹಿಂಗ ಅಂತ ನನ್ನ ಕೇಳಬ್ಯಾಡ್ರಿ. ನಾ ಓದಾಕ ಕಲ್ತಾಂವ, ಅಷ್ಟ."

ಕಾಳು, ಹರವಿ, ಗುಳ್ಳೆ ಇವು ಮೂರು ಕಣ್ಣಿಗೆ ಕಾಣುವಂಥವು. ನಾಲ್ಕನೆಯದು, ಒಲವು, ಆ ಮನೆಯ ಗಂಡಹೆಂಡಿರ ಜವಾಬ್ದಾರಿ. ಹಬೀಬವ್ವ ಅದೇ ಮನೆಯಲ್ಲಿ ಹುಟ್ಟಿದವಳು, ಅರವತ್ತು ದಾಟಿದವಳು, ಎತ್ತರದ ಆಳು, ಮೂಗಿನ ಎರಡೂ ಕಡೆ ನತ್ತು. ಗಂಡ ಸಲೀಮಸಾಬ ಏಣಿ ಮನೆಯಿಂದ ಬಂದ ಮನೆಅಳಿಯ, ಹೆಂಡತಿಯ ಭುಜಕ್ಕೆ ಬರುವಷ್ಟು ಎತ್ತರ, ನಿವೃತ್ತ ಪೋಸ್ಟ್‌ಮನ್. ಮದುವೆಯಾಗಿ ನಲವತ್ತೆರಡು ವರ್ಷ. ನಾನು ಬಂದ ಮೊದಲ ಬೆಳಿಗ್ಗೆ ಆರೂ ಹತ್ತಕ್ಕೆ ಕೆಳಗಿನಿಂದ ಗಲಾಟೆ ಕೇಳಿ ಪೆಟ್ಟಿಗೆ ಕೈಬಿಟ್ಟು ಮೆಟ್ಟಿಲಿಗೆ ಓಡಿದೆ.

"ಇದಕ್ಕ ಚಹಾ ಅಂತಾರೇನ? ಏಲಕ್ಕಿ ಹಾಕಿದ್ಯೋ ಇಲ್ಲೋ ಹೇಳು" ಎಂದು ಗಂಡನ ದನಿ.

"ಒಂದ ಒಂದು ಕಾಳು, ಡಬ್ಬಿಯಿಂದ ಬಿದ್ದೈತಿ."

"ಬಿದ್ದೈತಂತ. ಅದಕ್ಕೇನು ಕಾಲ ಅದಾವು? ಇನ್ನೊಮ್ಮೆ ಏಲಕ್ಕಿ ಬಿತ್ತಂದ್ರ ಚಹಾ ಗಟಾರಕ್ಕ, ನಾ ನಮ್ಮಣ್ಣನ ಮನೀಗೆ."

"ಹೋಗ್ರಿ. ಏಣಿ ಹಚ್ಚಿ ಕೊಡ್ಲೇನು?"

ನಾನು ಮೆಟ್ಟಿಲ ಮೇಲೆ ನಿಂತದ್ದು ಕಂಡು ಹಬೀಬವ್ವ ನಕ್ಕು, ಓದಿದ ಹೆಂಗಸರನ್ನು ಅಲ್ಲಿ ಕರೆಯುವ ಹಾಗೆ, "ಬಾಯಾರ, ಬರ್ರಿ, ಚಹಾ ಕುಡೀರಿ. ನಿಮಗ ಬ್ಯಾರೆ ಮಾಡೀನಿ" ಎಂದಳು. ಅವತ್ತಿನ ಪುಟದಲ್ಲಿ ನಾನು ಬರೆದುಕೊಂಡದ್ದು: ತಾಪಮಾನ ಇಪ್ಪತ್ತೈದು, ಕಾಗದ ಒದ್ದೆ, ನೂರು ಕಾಳಿನ ನಾಲ್ಕು ಸುರುಳಿ ಪೆಟ್ಟಿಗೆಗೆ ಹಾಕಿದೆ, ಕೆಳಗೆ ಜಗಳ, ಕಾರಣ ಏಲಕ್ಕಿ.

ಜೋಳದ ಮೊಳಕೆಯನ್ನು ನಾಲ್ಕನೆಯ ದಿನ ಒಮ್ಮೆ ಎಣಿಸಬೇಕು, ಹತ್ತನೆಯ ದಿನ ಕಡೆಯ ಸಲ ಎಣಿಸಬೇಕು. ನೂರಕ್ಕೆ ಎಪ್ಪತ್ತೈದು ಮೊಳೆತರೆ ಬೀಜ ಪಾಸು. ಮೊದಲ ಸಲ ಬಂದದ್ದು ತೊಂಬತ್ತೆರಡು. ಫಲಿತಾಂಶವನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸತಕ್ಕದ್ದು ಎಂದು ನನ್ನ ಕೈಪಿಡಿಯಲ್ಲಿ ಇದ್ದುದರಿಂದ ಹರವಿಯ ಮೇಲಿನ ಗೋಡೆಗೆ ಒಂದು ಕರಿಹಲಗೆ ಹೊಡೆಸಿ, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ. ನೀರು ಕುಡಿಯಲು ಬಂದವರೆಲ್ಲ ತಲೆ ಎತ್ತಿ ಓದಿದರು. ಸಂಜೆಯ ಹೊತ್ತಿಗೆ ಕಟ್ಟೆಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು.

"ತೊಂಬತ್ತೆರಡು. ಈ ವಯಸ್ಸಿನ್ಯಾಗ. ಭೇಷ್ ಸಾಬ" ಎಂದು ಕ್ಷೌರಿಕ ದ್ಯಾವಪ್ಪ ಸಲೀಮಸಾಬರ ಬೆನ್ನು ತಟ್ಟಿದ. ಸಾಬರು ಕಿವಿಯವರೆಗೂ ಕೆಂಪಾದರು. ಹಬೀಬವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಊರಿನವರು ನನ್ನ ಹಲಗೆಯನ್ನು ಬೀಜದ ಫಲಿತಾಂಶ ಎಂದು ಓದುತ್ತಿಲ್ಲ ಎಂಬುದು ಅವತ್ತೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಜನ ವಿಜ್ಞಾನದಲ್ಲಿ ಇಷ್ಟು ಆಸಕ್ತಿ ತೋರಿಸುತ್ತಾರಲ್ಲ ಎಂದು ನನಗೆ ಸಂತೋಷವೇ ಆಗಿತ್ತು.

ವಾರಕ್ಕೊಂದು ಮಾದರಿ ತೆಗೆಯುವುದು ನನ್ನ ನಿಯಮ. ಎರಡನೆಯದು ತೊಂಬತ್ತು. ಮೂರನೆಯದು ಎಂಬತ್ತನಾಲ್ಕು. ದ್ಯಾವಪ್ಪ ಹಲಗೆ ನೋಡಿ, "ಏನಾತು ಸಾಬ, ಎಂಟು ಎಲ್ಲಿ ಹೋದವು?" ಎಂದ. ಎದುರು ಮನೆಯವಳು ಹಬೀಬವ್ವನಿಗೆ ಒಂದು ಬಟ್ಟಲು ಪಾಯಸ ತಂದುಕೊಟ್ಟು, ಕೈ ಹಿಡಿದು, "ಗಂಡಸರು ಹಂಗ ಇರ್ತಾರ, ಮನಸ್ಸಿಗೆ ಹಚ್ಕೋಬ್ಯಾಡ ಅಕ್ಕಾ" ಎಂದು ಸಮಾಧಾನ ಮಾಡಿ ಹೋದಳು. ನಾಲ್ಕನೆಯದು ಎಪ್ಪತ್ತೇಳು. ಐದನೆಯದು ಅರವತ್ತಮೂರು. ಅದು ಫೇಲು.

ನಾನು ಮೊದಲು ಅನುಮಾನಿಸಿದ್ದು ನನ್ನನ್ನೇ. ಥರ್ಮಾಮೀಟರನ್ನು ಬೇರೆ ಥರ್ಮಾಮೀಟರಿನ ಪಕ್ಕದಲ್ಲಿಟ್ಟು ನೋಡಿದೆ. ನೀರು ಬದಲಿಸಿದೆ, ಕಾಗದ ಬದಲಿಸಿದೆ, ಕಣಜದ ತಳ, ನಡು, ಮೇಲು ಮೂರೂ ಕಡೆಯಿಂದ ಕಾಳು ತೆಗೆದೆ. ಹರವಿಯನ್ನು ಬೆರಳಿನಿಂದ ತಟ್ಟುತ್ತ ಸುತ್ತು ಹಾಕಿದೆ. ಎಲ್ಲಿಯೂ ಬಿರುಕಿಲ್ಲ, ಗಂಟೆಯ ಹಾಗೆ ನುಡಿಯಿತು. ಕೊನೆಗೆ ನೂರು ಕಾಳನ್ನು ಸೀಳಿ, ಜೀವ ಇದ್ದಲ್ಲಿ ಕೆಂಪಾಗುವ ಔಷಧದಲ್ಲಿ ನೆನೆಸಿದೆ. ತೊಂಬತ್ತೈದು ಕಾಳುಗಳ ಭ್ರೂಣ ಚಂದದ ಕೆಂಪಿಗೆ ತಿರುಗಿತು. ಅಂದರೆ ಬೀಜ ಸತ್ತಿಲ್ಲ. ಉಸಿರಾಡುತ್ತಿದೆ, ಏಳಲು ಮನಸ್ಸು ಮಾಡುತ್ತಿಲ್ಲ.

ಇದನ್ನು ಹೇಳಲು ಕೆಳಗೆ ಹೋದಾಗ ಹಬೀಬವ್ವ ಹರವಿಗೆ ನೀರು ಹೊಯ್ಯುತ್ತಿದ್ದಳು. ಆ ಮನೆಯಲ್ಲಿ ಬೆಳಿಗ್ಗೆ ನೀರು ಹೊಯ್ದ ಮೇಲೆ ಗುಳ್ಳೆ ನೋಡುವ ಪದ್ಧತಿ ಇತ್ತು. ಗುಳ್ಳೆಗಳು ನಡುವೆ ಗುಂಪು ಕೂಡಿ ನಿಂತರೆ ಒಳ್ಳೆಯದು. ಅವತ್ತು ಅವು ಒಂದೊಂದಾಗಿ ಹರವಿಯ ಗೋಡೆಗೆ ಸರಿದು, ಯಾರಿಗೂ ತೊಂದರೆ ಕೊಡಬಾರದು ಎನ್ನುವ ಹಾಗೆ ಸದ್ದಿಲ್ಲದೆ ಒಡೆದವು.

"ಬಾಯಾರ, ಬಿತ್ತನಿಗೆ ಇನ್ನ ಎಷ್ಟ ದಿನ?" ಎಂದಳು.

"ಹದಿನೈದು."

"ಅಷ್ಟರಾಗ ಬೀಜ ಪಾಸಾಗ್ಲಿಲ್ಲ ಅಂದ್ರ ಹರವಿ ಬ್ಯಾರೆ ಮನೀಗೆ ಹೊಕ್ಕೈತಿ. ನಮ್ಮ ಬಾಗಿಲದ ಅಕ್ಷರ ಅಳಸಿ ಅವರ ಬಾಗಿಲಕ್ಕ ಬರೀತಾರ. ನಮ್ಮವ್ವ ಎಂಬತ್ತು ವರ್ಷ ನೀರು ಹೊತ್ತ ಹರವಿ ಇದು." ಅವಳು ಮುಚ್ಚಳವನ್ನು ಎರಡು ಸಲ ಸರಿಮಾಡಿದಳು. "ಆದ್ರ ಆಣಿ ಮಾಡಿ ಹೇಳ್ತೀನಿ, ನಾವು ಜಗಳ ಆಡಿಲ್ರಿ. ಮೂರು ವಾರ ಆತು, ಒಂದ ಒಂದು ಮಾತು ಮ್ಯಾಲ ಕೆಳಗ ಆಗಿಲ್ಲ. ಅವರು ನನ್ನ ಕೂಡ ಎಷ್ಟು ಚಂದ ಅದಾರಂದ್ರ, ಮೊನ್ನೆ ನೀರು ಕೇಳಾಕ 'ದಯವಿಟ್ಟು' ಅಂದ್ರು."

ಹೇಳುವಾಗ ಅವಳ ಕಣ್ಣು ತುಂಬಿತ್ತು.

ನಾನು ಮಾಳಿಗೆಗೆ ಬಂದು ನೋಟ್‌ಬುಕ್ ತೆರೆದೆ. ನನಗೆ ಬರೆದಿಡುವ ಚಟ ಇರುವುದರಿಂದ ಬೀಜಕ್ಕೆ ಸಂಬಂಧವಿಲ್ಲದ್ದೂ ಅದರಲ್ಲಿ ಇತ್ತು. ಮೊದಲ ಹತ್ತು ದಿನಗಳಲ್ಲಿ ಕೆಳಗೆ ಜಗಳ ಹದಿನೇಳು: ಏಲಕ್ಕಿ, ಛತ್ರಿ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ, 1989ರಲ್ಲಿ ಯಾರದೋ ಮದುವೆಗೆ ತಡವಾದದ್ದು ಯಾರಿಂದ. ಹಲಗೆ ಹೊಡೆಸಿದ ವಾರ ಜಗಳ ಐದು. ಮುಂದಿನ ವಾರ ಒಂದು. ಆಮೇಲೆ ಪುಟಗಳಲ್ಲಿ ತಾಪಮಾನ ಬಿಟ್ಟರೆ ಏನೂ ಇಲ್ಲ. ಒಂದು ಕಡೆ ಜಗಳದ ಸಂಖ್ಯೆ, ಇನ್ನೊಂದು ಕಡೆ ಮೊಳಕೆಯ ಶೇಕಡಾ ಬರೆದು ಗೆರೆ ಎಳೆದೆ. ಎರಡೂ ಕೈ ಹಿಡಿದುಕೊಂಡು ಇಳಿಯುತ್ತಿದ್ದವು. ತೂಗುವ ತಕ್ಕಡಿಯೇ ತೂಕವನ್ನು ತಿನ್ನುತ್ತಿರಬಹುದು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು, ಪರೀಕ್ಷೆಯಲ್ಲಿ ಅದಕ್ಕೆ ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆ ಇಬ್ಬರು ದಿನಾ ಬಾಗಿಲಲ್ಲಿ ತಮ್ಮ ಸಂಸಾರದ ಅಂಕ ನೋಡುತ್ತ, ಇನ್ನೊಂದು ಅಂಕ ಕಳೆಯಬಾರದೆಂದು ಉಸಿರು ಬಿಗಿಹಿಡಿದು ಬದುಕುತ್ತಿದ್ದರು. ಹಲಗೆ ಹೊಡೆಸಿದವಳು ನಾನು.

ಹಸಿಬಟ್ಟೆ ತೆಗೆದುಕೊಂಡು ಹೋಗಿ ಹಲಗೆ ಒರೆಸಿದೆ. ಆರನೆಯ ಮಾದರಿಯ ಎಣಿಕೆ ಅವತ್ತೇ ಮುಗಿದಿತ್ತು, ಐವತ್ತೆರಡು. ಅದನ್ನು ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಕಡೆಯ ಮಾದರಿಯ ನಾಲ್ಕು ಸುರುಳಿಗಳನ್ನು ಪೆಟ್ಟಿಗೆಯಲ್ಲಿಟ್ಟೆ. ಇದರ ಹತ್ತನೆಯ ದಿನದ ಎಣಿಕೆಯೇ ಊರಿಗೆ ಕೊಡಬೇಕಾದ ಪ್ರಮಾಣಪತ್ರ.

ನನ್ನ ಲೆಕ್ಕವನ್ನು ಚನಮಲ್ಲಪ್ಪ ಮಾಸ್ತರರಿಗೆ ತೋರಿಸಿದ್ದು ತಪ್ಪಾಯಿತು. ಅವರು ಉತ್ಸಾಹಿ. "ಇಷ್ಟ ಹೌದಿಲ್ರಿ? ಜಗಳ ಆಡಸೂಣು" ಎಂದು, ಒಂದು ಹಾಳೆಯಲ್ಲಿ ಎಂಟು ವಿಷಯ ಬರೆದುಕೊಂಡು, ಮರುದಿನ ಬೆಳಿಗ್ಗೆ ಅರ್ಧ ಊರನ್ನು ಕರೆದುಕೊಂಡು ಕಟ್ಟೆಗೆ ಬಂದರು. ಗಂಡಹೆಂಡಿರನ್ನು ಎದುರುಬದುರು ಕೂರಿಸಿದರು. ಸಲೀಮಸಾಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

"ಮೊದಲ ವಿಷಯ, ಛತ್ರಿ" ಎಂದರು ಮಾಸ್ತರರು. "ಅವ್ವ, ನೀವು ಶುರು ಮಾಡ್ರಿ."

ಹಬೀಬವ್ವ ಗಂಟಲು ಸರಿಮಾಡಿಕೊಂಡಳು. "ಛತ್ರಿ ನೀವ ಕಳದ್ರಿ."

"ಹೌದು, ನಾನ ಕಳದೆ. ನಂದ ತಪ್ಪು" ಎಂದರು ಸಾಬರು.

ಜನ ನರಳಿದರು. "ಅಯ್ಯ, ಹಂಗ ಒಪ್ಕೊಂಡ್ರ ಹೆಂಗ" ಎಂದ ದ್ಯಾವಪ್ಪ. "ನೀ ಇಟ್ಟ ಜಾಗಾ ಸರಿ ಇರ್ಲಿಲ್ಲ ಅನ್ರಿ."

"ನೀ ಇಟ್ಟ ಜಾಗಾ ಸರಿ ಇರ್ಲಿಲ್ಲ" ಎಂದರು ಸಾಬರು, ಆಮೇಲೆ ಹೆಂಡತಿಯ ಮುಖ ನೋಡಿ, "ಬ್ಯಾಸರ ಮಾಡ್ಕೋಬ್ಯಾಡ" ಎಂದು ಸೇರಿಸಿದರು. ಮಾಸ್ತರರು ಎಂಟು ವಿಷಯವನ್ನೂ ಮುಗಿಸಿದರು. ಮುಗಿಯುವ ಹೊತ್ತಿಗೆ ಇಬ್ಬರೂ ಒಬ್ಬರಿಗೊಬ್ಬರು ಮೂವತ್ತು ಸಲ ಕ್ಷಮೆ ಕೇಳಿದ್ದರು. ಹರವಿಗೆ ನೀರು ಹೊಯ್ದು ನೋಡಿದರೆ ಗುಳ್ಳೆಗಳೇ ಏಳಲಿಲ್ಲ. ಜನ ತಲೆ ತಗ್ಗಿಸಿ ಚದುರಿದರು. ಹಬೀಬವ್ವ ಬಾಗಿಲ ಮೇಲಿನ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ನಾಲ್ಕನೆಯ ದಿನದ ಎಣಿಕೆ ಮೂವತ್ತೊಂದು. ನಾನು ಸುರುಳಿಗಳನ್ನು ಮತ್ತೆ ಮಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಹಲಗೆಯ ಅಂಕಿ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. ಕೆಳಗಿನಿಂದ ಕೇಳುತ್ತಿದ್ದದ್ದು ತಟ್ಟೆ ಲೋಟಗಳ ಸದ್ದು ಮಾತ್ರ.

ಆರನೆಯ ದಿನ ಬೆಳಿಗ್ಗೆ ನನ್ನನ್ನು ಚಹಾಕ್ಕೆ ಕರೆದರು. ಮೂರು ಲೋಟ ಒಂದೇ ಪಾತ್ರೆಯಿಂದ ಬಂದವು. ನಾನು ಗುಟುಕು ಕುಡಿದೆ, ಏಲಕ್ಕಿ ಘಮ್ಮೆಂದಿತು. ಸಲೀಮಸಾಬರು ಒಂದು ಗುಟುಕು ನುಂಗಿ, ಕಣ್ಣು ಮುಚ್ಚಿ ತೆರೆದು, "ಭಾಳ ಚಲೋ ಆಗೈತಿ" ಎಂದರು. ನನಗೆ ಉಪಾಯವೇನೂ ಹೊಳೆದಿರಲಿಲ್ಲ. ಎರಡು ದಾಖಲೆಗಳು ತಾಳೆಯಾಗದಿದ್ದರೆ ಕೇಳುವುದು ನನ್ನ ಸ್ವಭಾವ, ಅಷ್ಟೇ. "ಸಾಬರೇ, ನಿಮಗೆ ಏಲಕ್ಕಿ ಸೇರುವುದಿಲ್ಲವಲ್ಲ? ನಾನು ಬಂದ ದಿನ ಗಟಾರಕ್ಕೆ ಚೆಲ್ಲುತ್ತೇನೆ ಅಂದಿದ್ದಿರಿ. ಬರೆದುಕೊಂಡಿದ್ದೇನೆ" ಎಂದೆ.

ಸಾಬರ ಲೋಟ ಗಾಳಿಯಲ್ಲಿ ನಿಂತಿತು. ಹಬೀಬವ್ವ ನಿಧಾನವಾಗಿ ಅವರ ಕಡೆ ತಿರುಗಿದಳು.

"ಏಲಕ್ಕಿ ಇನ್ನೂ ಸೇರೂದಿಲ್ಲ?"

"ಸೇರ್ತೈತಿ. ಈಗ ರೂಢಿ ಆಗೈತಿ."

"ತಿಂಗಳ ಹಿಂದ ನಿಮ್ಮನ್ನ ಕೆಣಕಾಕಂತ ಬೇಕಂತ ನಾಕು ಕಾಳು ಕುಟ್ಟಿ ಹಾಕಿದ್ದೆ. ನೀವು ಬೈತೀರಿ ಅಂತ ಕಾದ್ನಿ. ಭಾಳ ಚಲೋ ಅಂದ್ರಿ. ನಾ ಏನ್ ತಿಳ್ಕೊಂಡೆ? ನಾಲಿಗಿ ಬದಲಾಗೈತಿ, ವಯಸ್ಸಾತು ಅಂತ ತಿಳ್ಕೊಂಡು ದಿನಾ ಹಾಕೀನಿ. ನನಗ ಅದರ ವಾಸನಿ ಬಂದ್ರ ವಾಕರಿಕಿ ಬರ್ತೈತಿ. ಮೂಗು ಮುಚ್ಚಿ ಕುಡದೀನಿ, ನಿಮಗ ಸೇರ್ತೈತಂತ."

"ನಿನಗೂ ಸೇರೂದಿಲ್ಲ?" ಸಾಬರು ಎದ್ದು ನಿಂತರು. "ಮತ್ತ ಯಾರ ಸಲುವಾಗಿ ಕುಡದ್ವಿ ಇದನ್ನ ನಾವು? ಬಾಯಿ ಇರ್ಲಿಲ್ಲೇನು ನಿನಗ?"

"ನನ್ನ ಬಾಯಿ ಕೇಳ್ತೀರಿ? ನಲವತ್ತೆರಡು ವರ್ಷ ಚಹಾ ಬಾಯಾಗ ಇಡೂಕಿಂತ ಮೊದಲ ತಪ್ಪು ತಗದ ಮನಶ್ಯಾ ನೀವು. ಒಂದು ತಿಂಗಳಿಂದ ಚಲೋ ಐತಿ, ದಯವಿಟ್ಟು, ಉಪಕಾರ ಆತು. ನಾ ಏನು ನಿಮ್ಮ ಪೋಸ್ಟ್ ಆಫೀಸಿಗೆ ಬಂದ ಸಾಹೇಬ್ರ ಹೆಂಡತೇನು?"

"ಹಲಗಿ ಮ್ಯಾಲ ಊರೆಲ್ಲಾ ನೋಡೂವಾಗ ಬೈಲೇನು ನಾ? ಅಂಕಿ ಇಳೀತದ ಅಂತ ಸುಮ್ಮನಿದ್ದೆ."

"ಅಂಕಿಗೆ ಹೆದರಿ ನನ್ನ ಒಬ್ಬಾಕಿನ್ನ ಬಿಟ್ರಿ. ಗ್ವಾಡಿ ಕೂಡ ಸಂಸಾರ ಮಾಡ್ದಂಗ ಆಗಿತ್ತು ನನಗ. ರಾತ್ರಿ ಮಗ್ಗಲಾಗ ಯಾರ ಮಲಗ್ಯಾರ ಅಂತ ತಿಳೀಲಾರದಂಗ ಆಗಿತ್ತು."

ಇಷ್ಟು ಹೇಳಿ ಅವಳು ಚಹಾದ ಪಾತ್ರೆಯನ್ನೇ ಎತ್ತಿಕೊಂಡು ಹೊರಗೆ ನಡೆದು, ಗಟಾರಕ್ಕೆ ಸುರಿದಳು. ಸಾಬರು ಹಿಂದೆಯೇ ಹೋಗಿ, "ಪಾತ್ರಿ ಕರಿ ಆಗೈತಿ ನೋಡು, ತಿಕ್ಕಿಲ್ಲ" ಎಂದರು. "ತಿಕ್ಕಾಕ ನಿಮಗೇನು ಕೈ ಬಿದ್ದಾವೇನು" ಎಂದಳು ಅವಳು. ಅಲ್ಲಿಂದ ಛತ್ರಿ ಬಂತು. ಛತ್ರಿಯಿಂದ ಕಿಟಕಿ, ಕಿಟಕಿಯಿಂದ 1989ರ ಮದುವೆ. ಎದುರು ಮನೆಯವಳು ಬಾಗಿಲಿಗೆ ಬಂದು ಕೈ ಮುಗಿದು ನಿಂತಳು. ದ್ಯಾವಪ್ಪ ಅರ್ಧ ಬೋಳಿಸಿದ ಗಿರಾಕಿಯನ್ನು ಕರೆದುಕೊಂಡು ಓಡಿಬಂದ. ಸಾಬರು ಮಾತಿಗೆ ಮಾತು ಹುಡುಕುತ್ತ, ಕೈಗೆ ಸಿಕ್ಕ ಕೊಡ ಎತ್ತಿ ಹರವಿಗೆ ಒಂದೇ ಸಲಕ್ಕೆ ಧಡಧಡನೆ ನೀರು ಸುರಿದರು.

ಯಾರೂ ಹೇಳದೆಯೇ ಎಲ್ಲರೂ ಬಗ್ಗಿ ನೋಡಿದೆವು. ಗುಳ್ಳೆಗಳು ತಳದಿಂದ ನೂಕಿಕೊಂಡು ಎದ್ದು, ಹರವಿಯ ನಡುವೆ ಒಂದರ ಮೇಲೊಂದು ಏರಿ, ಭುಜಕ್ಕೆ ಭುಜ ತಾಗಿಸಿ ನಿಂತವು. ಒಡೆದದ್ದರ ಜಾಗಕ್ಕೆ ಇನ್ನೊಂದು ಬರುತ್ತಿತ್ತು. ಹಬೀಬವ್ವ ಬಗ್ಗಿ ನೋಡಿದಳು, ಗಂಡನ ಮುಖ ನೋಡಿದಳು, ಮತ್ತೆ ಮದುವೆಯ ವಿಷಯಕ್ಕೇ ಹೋದಳು. "ಬಸ್ಸು ಹೋದದ್ದು ನಿಮ್ಮ ಎಲಿ ಅಡಿಕಿ ಚಟದಿಂದ. ಅದಂತೂ ನಾ ಬಿಡೂದಿಲ್ಲ."

ಹತ್ತನೆಯ ದಿನ ಬೆಳಿಗ್ಗೆ ಸುರುಳಿ ಬಿಚ್ಚಿದೆ. ಬಿಳಿಯ ಬೇರು, ಹಸಿರು ಸುಳಿ, ಒಂದನ್ನೊಂದು ಹೆಣೆದುಕೊಂಡು ಕಾಗದದಿಂದ ಬಿಡಿಸುವುದೇ ಕಷ್ಟವಾಯಿತು. ಎರಡು ಸಲ ಎಣಿಸಿದೆ. ನಾಲ್ಕು ಸುರುಳಿಗಳ ಸರಾಸರಿ ತೊಂಬತ್ತನಾಲ್ಕು. ಪ್ರಮಾಣಪತ್ರದಲ್ಲಿ ಅಂಕಿ ಬರೆದು, ಸಹಿ ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಿದೆ. ಅಂಕಿಯನ್ನು ಕಚೇರಿ ನೋಡಿದರೆ ಸಾಕು. ಕೆಳಗೆ ಕಟ್ಟೆಯ ಮುಂದೆ ಊರೇ ನಿಂತಿತ್ತು. ಹಬೀಬವ್ವ ಹರವಿಗೆ ಒಂದು ಕೈ ಊರಿ ನಿಂತಿದ್ದಳು.

"ಎಷ್ಟ ಬಂತ್ರಿ ಬಾಯಾರ?" ಎಂದ ದ್ಯಾವಪ್ಪ.

"ಬಿತ್ತಬಹುದು" ಎಂದೆ.

"ಅದು ತಿಳೀತ್ರಿ. ಎಷ್ಟು?"

"ಬಿತ್ತಬಹುದು ಅಂತ ಬಂದಿದೆ" ಎಂದು ಲಕೋಟೆ ತೋರಿಸಿದೆ. ಅವನಿಗೆ ನಿರಾಸೆಯಾಯಿತು. ಆದರೆ ಅಷ್ಟರಲ್ಲಿ ಜನ ಚೀಲ ಬಿಚ್ಚಿ ಕಣಜದ ಕಡೆ ಸಾಲು ಹಚ್ಚಿದ್ದರು. ಕರಿಹಲಗೆಯನ್ನು ಮಾಸ್ತರರು ಶಾಲೆಗೆ ತೆಗೆದುಕೊಂಡು ಹೋದರು.

ಸಾಲು ಕರಗಿದ ಮೇಲೆ ಹಬೀಬವ್ವ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ನನ್ನ ಚಹಾ. ಏಲಕ್ಕಿ ಇರಲಿಲ್ಲ. ಮೇಜಿನ ಮೇಲೆ ಹರಡಿದ್ದ ಕಾಗದದ ಹತ್ತಿರ ಬಗ್ಗಿ, ನಾನು ಹೇಳದೆ ಇದ್ದದ್ದನ್ನು ತಾನೇ ಬೆರಳಿಟ್ಟು ಎಣಿಸಿದಳು. ಮೊಳೆತವನ್ನು ಅಲ್ಲ, ಒಂದು ಸುರುಳಿಯಲ್ಲಿ ಮೊಳೆಯದೆ ಉಳಿದವನ್ನು.

"ಬಾಯಾರ, ಈ ಆರು ಯಾಕ ಎದ್ದಿಲ್ಲ?"

ಎಲ್ಲ ಬೀಜದಲ್ಲೂ ಒಂದಷ್ಟು ಏಳುವುದಿಲ್ಲ ಎಂದು ನಾನು ಹೇಳುವ ಮೊದಲೇ ಕೆಳಗಿನಿಂದ ಸಲೀಮಸಾಬರ ದನಿ ಬಂತು. "ಅವು ನನ್ನ ಪಾಲಿನ ಕಾಳು. ಏಲಕ್ಕಿ ಚಹಾ ಇನ್ನ ಇಳದಿಲ್ಲ ಅವಕ್ಕ."

ಹಬೀಬವ್ವ ಲೋಟ ಮೇಜಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೆರಡು ಮೆಟ್ಟಿಲು ಇಳಿಯುತ್ತ ಕೆಳಗೆ ಹೋದಳು.